ಕ್ಯಾಲೆಂಡರಿನ ಚೌಕಗಳಲ್ಲಿ ನನ್ನ ಯಜಮಾನರು ಬರೆದಿಟ್ಟ ಅಂಕಿಗಳು: ಕಡಲ ಕಡೆಯವರು ಯಾರಾದರೂ ಓದಿ ಹೇಳುವಿರಾ?

ಅಘನಾಶಿನಿಯ ಅಕ್ಕೋರು

ಎಲ್ಲರಿಗೂ ನಮಸ್ಕಾರ. ನನಗೆ 64 ವರ್ಷ, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಕುಮಟಾ ತಾಲ್ಲೂಕಿನ ಅಘನಾಶಿನಿಯಲ್ಲಿ, ನದಿ ಕಡಲು ಸೇರುವ ಅಳಿವೆಯ ದಕ್ಷಿಣ ದಡದಲ್ಲಿ ಮನೆ. ಎದುರು ದಡ ತದಡಿ. ಹುಟ್ಟಿದ್ದು ಮಾತ್ರ ಘಟ್ಟದ ಮೇಲೆ, ಶಿರಸಿಯ ಹತ್ತಿರ ಅಡಿಕೆ ತೋಟದ ನಡುವಿನ ಮನೆಯಲ್ಲಿ. 1986ರಲ್ಲಿ ತದಡಿಯ ಕಡೆಯ ಶಾಲೆಗೆ ನೌಕರಿ ಸಿಕ್ಕಿ ಕೆಳಗಿಳಿದು ಬಂದೆ. ಬಾಡಿಗೆಯ ಕೋಣೆ ಸಿಕ್ಕಿದ್ದು ಈ ದಡದಲ್ಲಿ. ದಿನಕ್ಕೆ ಎರಡು ಬಾರಿ ದೋಣಿಯಲ್ಲಿ ಅಳಿವೆ ದಾಟಬೇಕಿತ್ತು.

ಆ ದೋಣಿಯಲ್ಲಿಯೇ ಅವರ ಪರಿಚಯ. ಅವರು ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ಲೆಕ್ಕ ಬರೆಯುತ್ತಿದ್ದರು. ಸಂಜೆ ಮನೆಗೆ ಮರಳುವಾಗ ತಂದೆಯ ದೋಣಿಗೆ ಹುಟ್ಟು ಹಾಕುತ್ತಿದ್ದರು. ಆರು ತಿಂಗಳು ನಾವು ಆಡಿದ ಮಾತು ಹತ್ತು ವಾಕ್ಯಕ್ಕಿಂತ ಹೆಚ್ಚಿರಲಿಕ್ಕಿಲ್ಲ. ಜನವರಿಯಲ್ಲಿ ಆಗರದಲ್ಲಿ ಉಪ್ಪು ಕಟ್ಟಲು ಶುರುವಾದಾಗ ಒಂದು ದಿನ ಬಿಳಿ ಕರವಸ್ತ್ರದಲ್ಲಿ ಒಂದು ಹಿಡಿ ಉಪ್ಪು ಕಟ್ಟಿ ಕೈಗಿತ್ತು, "ಅಕ್ಕೋರೆ, ಇದು ಈ ವರ್ಷದ ಮೊದಲ ಬೆಳೆ" ಎಂದರು. ಹರಳುಗಳು ಇನ್ನೂ ಒದ್ದೆಯಾಗಿದ್ದವು. ಕರವಸ್ತ್ರ ಈಗಲೂ ನನ್ನ ಬಳಿ ಇದೆ. ಉಪ್ಪು ತಿಂದ ಮೂಲೆಯಲ್ಲಿ ನೂಲು ಸವೆದು ಜಾಳಾಗಿದೆ.

ಅದೇ 1987ರ ರಥಸಪ್ತಮಿಯ ಸಂಜೆ ದೋಣಿಯಲ್ಲಿ ನಾನೊಬ್ಬಳೇ ಇದ್ದೆ. ನಡುನೀರಿನಲ್ಲಿ ಅವರು ಹುಟ್ಟನ್ನು ಮೇಲೆತ್ತಿ ಅಡ್ಡ ಇಟ್ಟರು. ದೋಣಿ ಕಡಲಿನ ಕಡೆಗೂ ಹರಿಯಲಿಲ್ಲ, ನದಿಯ ಕಡೆಗೂ ಸರಿಯಲಿಲ್ಲ, ಗೂಟಕ್ಕೆ ಕಟ್ಟಿದಂತೆ ನಿಂತಿತು. "ದಿನಕ್ಕೆ ಎರಡು ಸಲ ದಾಟಿ ದಣಿಯುತ್ತೀರಿ. ಆದರೂ ಈ ದಡದಲ್ಲಿಯೇ ಇದ್ದುಬಿಡುತ್ತೀರಾ?" ಎಂದು ಕೇಳಿದರು. ಅವರು ಕೇಳಿದ್ದು ಬಾಡಿಗೆ ಕೋಣೆಯ ವಿಷಯವಲ್ಲ ಎಂದು ನನಗೆ ತಿಳಿಯಿತು. ಉತ್ತರ ಕೊಡಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ದೋಣಿ ಅಲುಗಲಿಲ್ಲ. ನದಿಯೇ ನಿಂತು ನನ್ನ ಉತ್ತರಕ್ಕೆ ಕಾದಿತ್ತು ಎಂದು ನಾನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ.

ಎರಡು ವರ್ಷದ ಹಿಂದೆ ಅವರು ಹೋದರು. ಹೃದಯಾಘಾತ, ಹೆಚ್ಚು ನರಳಲಿಲ್ಲ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಅವರಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ದಿನವೂ ಒಂದು ಅಂಕಿ ಬರೆಯುವ ಅಭ್ಯಾಸವಿತ್ತು. ಹಳೆಯ ಕ್ಯಾಲೆಂಡರುಗಳನ್ನೂ ಸುರುಳಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದಾರೆ. ನೀಲಿ ಮಸಿಯಲ್ಲಿ 2, 4, 6, 8 ಎಂದು ಏರುತ್ತಾ ಹೋಗಿ 28ಕ್ಕೆ ನಿಲ್ಲುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಚೌಕದಲ್ಲಿ ಮಾತ್ರ ಕೆಂಪು ಮಸಿಯಲ್ಲಿ 11. ಮರುದಿನ ಮತ್ತೆ 2. ಕೆಲವು ಕಡೆ ಒಂದು ಅಂಕಿ ಹಾರಿದೆ, ಕೆಲವು ಕಡೆ ಒಂದೇ ಅಂಕಿ ಎರಡು ದಿನ ಬಂದಿದೆ. ಆಗರದ ಲೆಕ್ಕವಿರಬೇಕು ಎಂದುಕೊಂಡು ನಾನು ಒಮ್ಮೆಯೂ ಕೇಳಲಿಲ್ಲ. ನಿವೃತ್ತರಾದ ಮೇಲೂ ಬರೆಯುತ್ತಿದ್ದರು ಎಂಬುದನ್ನು ಈಗ ಗಮನಿಸಿದೆ. ಯಾರಿಗಾದರೂ ತಿಳಿದಿದ್ದರೆ ಹೇಳಿ.

ಗಂಗೊಳ್ಳಿಯವಳು

ಅಕ್ಕಾ, ಅಂಕಿಯ ವಿಷಯ ನನಗೆ ತಿಳಿಯದು. ಆದರೆ ನಿಮ್ಮ ಬರಹ ಓದಿ ಸುಮ್ಮನೆ ಮುಂದೆ ಹೋಗಲು ಆಗಲಿಲ್ಲ.

ನಾನು ಮೀನು ಮಾರಿ ಮಕ್ಕಳನ್ನು ಓದಿಸಿದವಳು. ನನ್ನ ಗಂಡ ಮಳೆಗಾಲದಲ್ಲಿ ನಾಡದೋಣಿಗೆ ಹೋಗುತ್ತಿದ್ದರು. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದಲ್ಲ, ಆ ಎರಡು ತಿಂಗಳು ನಾಡದೋಣಿಯವರಿಗೆ ದುಡಿಮೆ. ಐದು ಹೊಳೆಗಳು ಸೇರಿ ಕಡಲಿಗೆ ಬೀಳುವ ನಮ್ಮ ಅಳಿವೆಯಲ್ಲಿ ದೋಣಿ ಮಗುಚಿತು. ಇಬ್ಬರು ಈಜಿ ಬಂದರು. ಇವರು ಬರಲಿಲ್ಲ, ದೇಹವೂ ಸಿಗಲಿಲ್ಲ.

ದೇಹ ಸಿಗದಿದ್ದರೆ ಏನಾಗುತ್ತದೆ ಎಂದು ಒಳನಾಡಿನವರಿಗೆ ತಿಳಿದಿರಲಿಕ್ಕಿಲ್ಲ. ಏಳು ವರ್ಷ ಸುದ್ದಿ ಇಲ್ಲದಿದ್ದರೆ ಸತ್ತರೆಂದು ಕಾನೂನು ಭಾವಿಸುತ್ತದೆ. ಅಲ್ಲಿಯವರೆಗೆ ನಾನು ಏನು? ಕುಂಕುಮ ಇಟ್ಟರೆ ಒಬ್ಬರು ಮಾತನಾಡುತ್ತಿದ್ದರು, ಇಡದಿದ್ದರೆ ಇನ್ನೊಬ್ಬರು. ಅತ್ತೆ ಬಳೆ ಒಡೆಯಲು ಬಿಡಲಿಲ್ಲ. "ಮಗ ಬಂದರೆ ಏನು ಹೇಳುತ್ತೀ?" ಎಂದು ಕೇಳುತ್ತಿದ್ದರು. ನೂಲ ಹುಣ್ಣಿಮೆಗೆ ಊರಿನವರೆಲ್ಲ ಕಡಲಿಗೆ ಹಾಲು ಎರೆದು ತೆಂಗಿನಕಾಯಿ ಬಿಡುತ್ತಾರೆ. ನಾನು ಮೂರು ವರ್ಷ ಬಾಗಿಲು ಹಾಕಿಕೊಂಡು ಒಳಗೆ ಕುಳಿತೆ. ನಾಲ್ಕನೆಯ ವರ್ಷ ಹೋದೆ. ಕಡಲಿನ ಮೇಲೆ ಕೋಪ ಇಟ್ಟುಕೊಂಡು ಕಡಲಿನ ಮೀನು ಮಾರುವುದು ಹೇಗೆ?

ನೀವು ಉಪ್ಪಿನ ಕರವಸ್ತ್ರ ಇಟ್ಟಿದ್ದೀರಿ. ನನ್ನ ಬಳಿ ಅಂಥದ್ದು ಏನೂ ಇಲ್ಲ. ಮೀನು ಮಾರುವವರ ಮನೆಯಲ್ಲಿ ಒಳ್ಳೆಯ ಮೀನು ಬೇಯುವುದಿಲ್ಲ, ಅದು ಮಾರುಕಟ್ಟೆಗೆ ಹೋಗುತ್ತದೆ. ಅವರು ಮಾತ್ರ ವಾರಕ್ಕೊಮ್ಮೆ ಎರಡು ಕಾಣೆ ಮೀನನ್ನು ಉಪ್ಪಳಿಗೆ ಎಲೆಯಲ್ಲಿ ಸುತ್ತಿ ನನ್ನ ಬುಟ್ಟಿಗೆ ಹಾಕದೆ ಕೈಗೆ ಕೊಟ್ಟು, "ಇದು ಮಾರುವುದಕ್ಕಲ್ಲ" ಎನ್ನುತ್ತಿದ್ದರು. ಈಗಲೂ ಬುಟ್ಟಿಯಲ್ಲಿ ಕಾಣೆ ಬಂದರೆ ನಾನು ಬೆಲೆ ಹೇಳುವ ಮೊದಲು ಒಂದು ಗಳಿಗೆ ಸುಮ್ಮನಾಗುತ್ತೇನೆ.

ಜಯನಗರ ನಿವಾಸಿ

ಇಬ್ಬರಿಗೂ ನನ್ನ ಗೌರವ. ಅಕ್ಕೋರಿಗೆ ಒಂದು ಮಾತು, ತಪ್ಪು ತಿಳಿಯಬೇಡಿ. ನನ್ನ ತಾಯಿಯೂ ತಂದೆ ಹೋದ ಮೇಲೆ ಹಳೆಯ ಕಾಗದ, ಹಳೆಯ ಬಟ್ಟೆ ಎಂದು ನಾಲ್ಕು ವರ್ಷ ಕಳೆದರು. ನಮ್ಮ ಮನೆಗೆ ಕರೆತಂದು ಮೊಮ್ಮಕ್ಕಳ ನಡುವೆ ಇರಿಸಿದ ಮೇಲೆಯೇ ಸುಧಾರಿಸಿದರು. ದಿನವೂ ಅದೇ ದಡ, ಅದೇ ದೋಣಿ ನೋಡುತ್ತಿದ್ದರೆ ಗಾಯ ಮಾಗುವುದು ಯಾವಾಗ? ಮಕ್ಕಳಿದ್ದರೆ ಅವರ ಬಳಿ ಸ್ವಲ್ಪ ಕಾಲ ಇದ್ದು ನೋಡಿ.

ಅಘನಾಶಿನಿಯ ಅಕ್ಕೋರು

ಗಂಗೊಳ್ಳಿಯ ತಂಗೀ, ನಿನ್ನ ಎರಡು ಕಾಣೆ ಮೀನಿನ ಮುಂದೆ ನನ್ನ ಕರವಸ್ತ್ರ ದೊಡ್ಡದಲ್ಲ. ಮತ್ತೆ ಮತ್ತೆ ಓದಿದೆ.

ಜಯನಗರದವರೇ, ನಿಮ್ಮ ಕಾಳಜಿಗೆ ಕೃತಜ್ಞತೆ. ಮಗ ಬೆಂಗಳೂರಿನಲ್ಲಿಯೇ ಇದ್ದಾನೆ, ಅವನ ಮನೆಯಲ್ಲಿ ಐದು ತಿಂಗಳು ಇದ್ದೆ. ಸೊಸೆ ಒಳ್ಳೆಯವಳು. ಆದರೆ ಅಲ್ಲಿ ನನಗೆ ಒಂದು ವಿಷಯ ಅರ್ಥವಾಯಿತು. ವಿಧವೆ ಅಳುವುದಕ್ಕೆ ಎಲ್ಲರೂ ಜಾಗ ಬಿಡುತ್ತಾರೆ. ಗಂಡನ ಬಗ್ಗೆ ನಗುನಗುತ್ತಾ ಮಾತನಾಡಿದರೆ ಮಾತ್ರ ಎದುರಿನವರು ಮಾತು ಬದಲಿಸುತ್ತಾರೆ. "ಅಮ್ಮಾ, ಬೇಸರ ಮಾಡಿಕೊಳ್ಳಬೇಡಿ" ಎನ್ನುತ್ತಾರೆ. ನಾನು ಬೇಸರ ಮಾಡಿಕೊಂಡಿರಲಿಲ್ಲ. ಪ್ರೀತಿಸಿ ಮದುವೆಯಾದ ಕಥೆಯನ್ನು ಮೊಮ್ಮಗಳಿಗೆ ಹೇಳುತ್ತಿದ್ದೆ, ಅಷ್ಟೇ. 64ರ ಹೆಂಗಸು, ಅದರಲ್ಲಿಯೂ ಗಂಡ ಇಲ್ಲದವಳು, ಪ್ರೀತಿಯ ಮಾತು ಆಡಬಾರದು ಎಂದು ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ಆದರೂ ಎಲ್ಲರಿಗೂ ಆ ನಿಯಮ ಬಾಯಿಪಾಠ.

ಇಲ್ಲಿಗೆ ಬಂದರೆ ದೋಣಿ ನಿಲ್ಲುವ ದಕ್ಕೆಯಲ್ಲಿ ಕುಳಿತ ಮುದುಕ ತಾನಾಗಿಯೇ ಅವರ ಹೆಸರು ಹಿಡಿದು ಮಾತು ತೆಗೆಯುತ್ತಾನೆ. ಅದಕ್ಕಾಗಿ ಬಂದೆ.

ಅವರನ್ನು ದೇವರು ಮಾಡುತ್ತಿದ್ದೇನೆ ಎಂದೂ ತಿಳಿಯಬೇಡಿ. ಹಟದ ಮನುಷ್ಯ. ನನಗೆ ಬಡ್ತಿ ಬಂದು ಹಳಿಯಾಳದ ಕಡೆಗೆ ಹೋಗಬೇಕಾದಾಗ, "ಹೋಗು" ಎಂದೂ ಹೇಳಲಿಲ್ಲ, "ಬೇಡ" ಎಂದೂ ಹೇಳಲಿಲ್ಲ. ಹತ್ತು ದಿನ ಊಟದ ಮುಂದೆ ತಲೆ ತಗ್ಗಿಸಿ ಕುಳಿತರು. ನಾನು ಬಡ್ತಿ ಬಿಟ್ಟೆ. ಅದನ್ನು ಪೂರ್ತಿಯಾಗಿ ಕ್ಷಮಿಸಿದ್ದೇನೆಯೇ ಎಂದು ಕೇಳಿದರೆ ಇಂದಿಗೂ ಹೌದು ಎನ್ನಲಾರೆ. ಪ್ರೀತಿಯ ಜೊತೆಗೆ ಅದೂ ಇದೆ, ಇರಲಿ.

ಮದುವೆಯಾದದ್ದು ಕುಮಟಾದಲ್ಲಿ, ವಿಶೇಷ ವಿವಾಹ ಕಾಯ್ದೆಯಡಿ. 30 ದಿನ ಮೊದಲು ನೋಟಿಸು ಹಚ್ಚುತ್ತಾರಲ್ಲ, ಆ ಫಲಕದಲ್ಲಿ ನನ್ನ ಹೆಸರನ್ನು ನಾನೇ ನಿಂತು ಓದಿದೆ. ಹನ್ನೆರಡನೆಯ ದಿನಕ್ಕೆ ಸುದ್ದಿ ಘಟ್ಟ ಹತ್ತಿತು. ಅಪ್ಪ ದೇವಿಮನೆ ಘಟ್ಟ ಇಳಿದು ಬಂದು ಜಗಲಿಯಲ್ಲಿ ಕುಳಿತು, ಒಂದು ಲೋಟ ನೀರೂ ಮುಟ್ಟದೆ ಹೊರಟುಹೋದರು. ಮತ್ತೆ ಬಂದದ್ದು ಮೂರು ವರ್ಷದ ಮೇಲೆ, ಉಪ್ಪಿಗಾಗಿ.

ಶಿರಸಿಯ ತೋಟಿಗ

ಉಪ್ಪಿಗಾಗಿ ಎಂದಿರಿ, ನನಗೆ ಎಲ್ಲವೂ ತಿಳಿಯಿತು! ನಮ್ಮ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಲು ಸಾಣಿಕಟ್ಟೆಯ ಹರಳುಪ್ಪೇ ಆಗಬೇಕು. ಪ್ಯಾಕೆಟ್ ಪುಡಿ ಉಪ್ಪಿನಲ್ಲಿ ಹಾಕಿದರೆ ಮಿಡಿ ಗಟ್ಟಿಯಾಗಿ ಉಳಿಯುವುದಿಲ್ಲ ಎಂದು ನನ್ನ ಅಜ್ಜಿ ಭರಣಿಯ ಹತ್ತಿರವೂ ಬಿಡುತ್ತಿರಲಿಲ್ಲ. ಫಾಲ್ಗುಣ, ಚೈತ್ರದಲ್ಲಿ ಮಿಡಿ ಬರುವ ಹೊತ್ತಿಗೆ ಕೆಳಗೆ ಆಗರದಲ್ಲಿ ಉಪ್ಪಿನ ರಾಶಿ ಬಿದ್ದಿರುತ್ತದೆ. ಮೊದಲು ಎತ್ತಿನ ಗಾಡಿಯಲ್ಲಿ ಉಪ್ಪು ಘಟ್ಟ ಹತ್ತುತ್ತಿತ್ತು ಎಂದು ಹಿರಿಯರು ಹೇಳುತ್ತಿದ್ದರು. ಅಕ್ಕೋರೆ, ಆಮೇಲೆ ಏನಾಯಿತು? ಅಳಿಯ ಉಪ್ಪು ಕೊಟ್ಟರೇ?

ಅಘನಾಶಿನಿಯ ಅಕ್ಕೋರು

ಕೊಟ್ಟರು. ಎರಡು ಚೀಲ. ಅಪ್ಪ ಹಣ ತೆಗೆದರು, ಇವರು ತೆಗೆದುಕೊಂಡರು. ಬೇಡ ಎಂದಿದ್ದರೆ ಅಪ್ಪ ಚೀಲ ಮುಟ್ಟುತ್ತಿರಲಿಲ್ಲ ಎಂದು ಇವರಿಗೆ ಗೊತ್ತಿತ್ತು. ತೂಕ ಹಾಕುವಾಗ ಮಾತ್ರ ತಕ್ಕಡಿ ಅಪ್ಪನ ಕಡೆಗೆ ವಾಲಿತ್ತು, ಅಪ್ಪ ಅದನ್ನು ನೋಡಿದರು, ಏನೂ ಹೇಳಲಿಲ್ಲ. ಆ ಮಳೆಗಾಲದ ಮೊದಲು ಒಂದು ಭರಣಿ ಉಪ್ಪಿನಕಾಯಿ ಬಸ್ಸಿನಲ್ಲಿ ಬಂತು. ಆಮೇಲೆ ಅಪ್ಪ ಬದುಕಿರುವವರೆಗೂ ಪ್ರತಿ ವರ್ಷ ಉಪ್ಪು ಮೇಲೆ ಹೋಯಿತು, ಭರಣಿ ಕೆಳಗೆ ಬಂತು. ಇಬ್ಬರೂ ಎದುರುಬದುರು ಕುಳಿತು ಮನಬಿಚ್ಚಿ ಮಾತನಾಡಿದ್ದನ್ನು ನಾನು ಕಂಡಿಲ್ಲ.

ಕಾಪುವಿನಿಂದ

ಅಕ್ಕೋರು ಬರೆದ ಆ ಬಾಯಿಪಾಠದ ನಿಯಮ ನಮ್ಮ ಮನೆಯಲ್ಲಿಯೂ ಇತ್ತು. ನನ್ನ ಚಿಕ್ಕಮ್ಮ 30ಕ್ಕೆ ವಿಧವೆಯಾದರು. ಮನೆಯ ಮದುವೆಗಳಲ್ಲಿ ಅಡುಗೆಮನೆಯಿಂದ ಆಚೆ ಬರುತ್ತಿರಲಿಲ್ಲ, ಯಾರೂ ಕರೆಯುತ್ತಲೂ ಇರಲಿಲ್ಲ. 2013ರಲ್ಲಿ ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನದಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ಆ ಸುದ್ದಿಯ ಪತ್ರಿಕೆಯನ್ನು ಚಿಕ್ಕಮ್ಮ ಮಡಚಿ ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದರು. ಮುಂದಿನ ವರ್ಷ ನನ್ನ ಮದುವೆಯಲ್ಲಿ ಆರತಿ ಎತ್ತಲು ಅವರನ್ನೇ ಕರೆದೆ. ಒಬ್ಬರು ಹಿರಿಯರು ಎದ್ದು ಹೋದರು. ಚಿಕ್ಕಮ್ಮನ ಕೈ ನಡುಗುತ್ತಿತ್ತು, ಆದರೆ ತಟ್ಟೆ ಇಳಿಸಲಿಲ್ಲ. ಆ ದಿನ ಮೊದಲ ಬಾರಿಗೆ ಚಿಕ್ಕಪ್ಪ ಹೇಗಿದ್ದರು ಎಂದು ನಮಗೆಲ್ಲ ಹೇಳಿದರು. ಇಬ್ಬರೂ ಮದುವೆಯಾದ ಹೊಸದರಲ್ಲಿ ನಮ್ಮೂರಿನ ಕಡಲತೀರದ ದೀಪಸ್ತಂಭದ ಬಂಡೆಯ ಮೇಲೆ ಕುಳಿತು ಸಂಜೆ ದೀಪ ಹೊತ್ತುವುದನ್ನು ಕಾಯುತ್ತಿದ್ದರಂತೆ. 1901ರಿಂದ ಇರುವ ದೀಪ, ನಮಗೆ ಅದು ದಿನದ ನೋಟ. ಚಿಕ್ಕಮ್ಮ ಅಲ್ಲಿಗೆ ಮತ್ತೆ ಹೋಗದೆ ಎಷ್ಟೋ ವರ್ಷವಾಗಿತ್ತು ಎಂದು ಆಗಲೇ ತಿಳಿದದ್ದು.

ಮನಾಮಾದಿಂದ ಕುಮಟಾದವ

ಅಕ್ಕೋರಿಗೆ ನಮಸ್ಕಾರ. ನಾನು ಬಹರೈನಿನಲ್ಲಿ 14 ವರ್ಷದಿಂದ ಇದ್ದೇನೆ. ನನ್ನ ಅಮ್ಮ ನಿಮ್ಮದೇ ಅಳಿವೆಯಲ್ಲಿ ಬಳಚು ಆರಿಸಿದವಳು. ಇಳಿತದ ಹೊತ್ತಿಗೆ ಸೊಂಟದುದ್ದ ನೀರಿನಲ್ಲಿ ನಿಂತು, ಕಾಲಿನಿಂದ ಕೆಸರು ತಡಕಿ ಚಿಪ್ಪು ಹೆಕ್ಕುವ ಕೆಲಸ. ಆ ದುಡ್ಡಿನಿಂದ ನಾನು ಓದಿದೆ. 2024ರಲ್ಲಿ ಈ ಅಳಿವೆಗೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು ಎಂದು ಫೋನಿನಲ್ಲಿ ಹೇಳಿದಾಗ, "ಈಗ ಗೊತ್ತಾಯಿತೇ ಅವರಿಗೆ?" ಎಂದಳು.

ನಿಮ್ಮ ಅಂಕಿಗಳನ್ನು ಅಮ್ಮನಿಗೆ ಓದಿ ಹೇಳಿದೆ. ಅರ್ಧಕ್ಕೇ ತಡೆದು, "ಅದು ಗಳಿಗೆಯ ಲೆಕ್ಕ" ಎಂದಳು.

ಕಡಲಿನ ಭರತಿ, ಅಂದರೆ ಉಬ್ಬರ, ದಿನದಿಂದ ದಿನಕ್ಕೆ ತಡವಾಗುತ್ತದೆ. ಚಂದ್ರ ತಡವಾಗಿ ಹುಟ್ಟುವ ಹಾಗೆ. ಒಂದು ತಿಥಿಗೆ ಎರಡು ಗಳಿಗೆ ತಡ. ಒಂದು ಗಳಿಗೆ 24 ನಿಮಿಷ, ಅಂದರೆ 48 ನಿಮಿಷ. ಪಾಡ್ಯಕ್ಕೆ 2, ಬಿದಿಗೆಗೆ 4, ತದಿಗೆಗೆ 6. ಹದಿನೈದು ತಿಥಿಗೆ 30 ಗಳಿಗೆ, ಅದು ಸರಿಯಾಗಿ 12 ಗಂಟೆ. ಅಲ್ಲಿಗೆ ಸುತ್ತು ಮುಗಿದು ಮತ್ತೆ ಮೊದಲಿನಿಂದ. ಕೆಂಪು ಮಸಿಯ 11 ಎಂದರೆ ಹುಣ್ಣಿಮೆ, ಅಮಾವಾಸ್ಯೆಗೆ ನಿಮ್ಮ ದಕ್ಕೆಯಲ್ಲಿ ಭರತಿ ತುಂಬುವ ಗಂಟೆ. ಪ್ರತಿ ಊರಿನ ಗಂಟೆ ಬೇರೆ, ಅಮ್ಮ ಬಳಚು ಆರಿಸುವ ಜಾಗ ಇನ್ನೂ ಒಳಗಾದ್ದರಿಂದ ಅಲ್ಲಿ ತಡ. 11ಕ್ಕೆ ಆ ದಿನದ ಗಳಿಗೆ ಕೂಡಿಸಿದರೆ ಭರತಿಯ ಹೊತ್ತು ಸಿಗುತ್ತದೆ. ಪಂಚಮಿಗೆ 10 ಗಳಿಗೆ, ಎಂದರೆ ನಾಲ್ಕು ಗಂಟೆ, ಮಧ್ಯಾಹ್ನ 3ಕ್ಕೆ ಭರತಿ. ತಿಥಿ ಕ್ಷಯವಾದ ದಿನ ಅಂಕಿ ಹಾರಿದೆ, ವೃದ್ಧಿಯಾದಾಗ ಎರಡು ದಿನ ಅದೇ ಅಂಕಿ. ಯಜಮಾನರು ನಿವೃತ್ತರಾದ ಮೇಲೂ ಬರೆದದ್ದು ಇದಕ್ಕೇ. ಆಗರಕ್ಕೆ ನೀರು ಬಿಡುವವರಿಗೂ ದೋಣಿಯವರಿಗೂ ಇದು ಉಸಿರಿನ ಹಾಗೆ.

ಇನ್ನೊಂದು ವಿಷಯ. ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಅಮ್ಮ ಹೇಳಲೇಬೇಕು ಎಂದಳು. ನೀವು ರಥಸಪ್ತಮಿ ಎಂದು ಬರೆದಿದ್ದೀರಿ. ಸಪ್ತಮಿಗೆ 14 ಗಳಿಗೆ, ಅಂದರೆ 5 ಗಂಟೆ 36 ನಿಮಿಷ. 11ಕ್ಕೆ ಕೂಡಿಸಿ. ಸಂಜೆ 4 ಗಂಟೆ 36 ನಿಮಿಷ. ಭರತಿ ತುಂಬಿ, ಇಳಿತ ಇನ್ನೂ ಶುರುವಾಗದ ಹೊತ್ತು, ನೀರು ಯಾವ ಕಡೆಗೂ ಹೋಗುವುದಿಲ್ಲ. ಅದೂ ಹುಣ್ಣಿಮೆ, ಅಮಾವಾಸ್ಯೆಯ ಹತ್ತಿರ ಸೆಳೆತ ಜೋರು, ನೀರು ನಿಲ್ಲುವುದು ಗೊತ್ತೇ ಆಗುವುದಿಲ್ಲ. ಸಪ್ತಮಿ, ಅಷ್ಟಮಿಗೆ ಕಡಲು ಸೌಮ್ಯ, ಬಹಳ ಹೊತ್ತು ನಿಲ್ಲುತ್ತದೆ. ಶಾಲೆ ಬಿಟ್ಟು ನೀವು ದೋಣಿ ಹತ್ತುತ್ತಿದ್ದದ್ದು ಎಷ್ಟು ಗಂಟೆಗೆ?

ಅಘನಾಶಿನಿಯ ಅಕ್ಕೋರು

ನಾಲ್ಕೂವರೆಗೆ.

ಅಘನಾಶಿನಿಯ ಅಕ್ಕೋರು

ನಿನ್ನೆ ಅಷ್ಟನ್ನೇ ಬರೆಯಲು ಆಯಿತು, ಕ್ಷಮಿಸಿ.

ಅವರು ಕಾದಿದ್ದರು. ಲೆಕ್ಕ ಹಾಕಿ, ಸೌಮ್ಯ ಕಡಲಿನ ಸಪ್ತಮಿಗಾಗಿ, ಶಾಲೆ ಬಿಡುವ ಹೊತ್ತಿಗೆ ನೀರು ನಿಲ್ಲುವ ದಿನಕ್ಕಾಗಿ. ಹುಟ್ಟು ಬಿಟ್ಟು ಎರಡೂ ಕೈ ಖಾಲಿ ಇಟ್ಟುಕೊಂಡು ನನ್ನ ಮುಖ ನೋಡಿ ಕೇಳಬೇಕೆಂದು. ನಾನು ಎಷ್ಟು ಹೊತ್ತು ತೆಗೆದುಕೊಂಡರೂ ದೋಣಿ ದಡ ಮುಟ್ಟಬಾರದೆಂದು. 36 ವರ್ಷ ನಾನು ಆ ಕಥೆಯನ್ನು ಎಲ್ಲರ ಮುಂದೆ "ನದಿಯೇ ನಿಂತಿತು" ಎಂದು ಹೇಳುತ್ತಿದ್ದೆ. ಅವರು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದರು. ಒಮ್ಮೆಯೂ ತಿದ್ದಲಿಲ್ಲ.

ರಾತ್ರಿ ಟ್ರಂಕು ತೆರೆದು ಸುರುಳಿಗಳನ್ನು ನೆಲದ ಮೇಲೆ ಹರಡಿ ಕುಳಿತೆ. ಈಗ ಪ್ರತಿ ಚೌಕ ಓದಲು ಬರುತ್ತದೆ. ಮಗ ಹುಟ್ಟಿದ ದಿನ 22. ಏಕಾದಶಿ. ಅಪ್ಪ ಉಪ್ಪಿಗೆ ಬಂದ ದಿನ 6. ಬಡ್ತಿಯ ಜಗಳದ ಹತ್ತು ದಿನವೂ ಅಂಕಿಗಳಿವೆ. ಮಾತು ಬಿಟ್ಟ ಮನುಷ್ಯ ಅದನ್ನು ಮಾತ್ರ ಬಿಟ್ಟಿರಲಿಲ್ಲ. ಕೊನೆಯ ಅಂಕಿ 18, ಅಕ್ಷರ ಸ್ವಲ್ಪ ಓರೆಯಾಗಿದೆ.

ಮೊಮ್ಮಗಳಿಗೆ ಫೋನ್ ಮಾಡಿ ಹೇಳಿದೆ. "ಅಜ್ಜ ಮೋಸ ಮಾಡಿದರು" ಎಂದು ಕೂಗಿದಳು. ಇಬ್ಬರೂ ಸೇರಿ ನಕ್ಕೆವು. ಮಗ ಫೋನ್ ತೆಗೆದುಕೊಂಡು, "ಅಮ್ಮಾ, ಆರಾಮ ಇದ್ದೀರಾ?" ಎಂದು ಗಾಬರಿಯಿಂದ ಕೇಳಿದ. ಇದ್ದೇನೆ ಎಂದೆ.

ಗಂಗೊಳ್ಳಿಯವಳು

ಅಕ್ಕಾ, ಬುಟ್ಟಿ ಇಳಿಸಿ ಅಂಗಡಿಯ ಮೆಟ್ಟಿಲಿನ ಮೇಲೆ ಕುಳಿತು ಓದಿದೆ. ನನ್ನ ಜೊತೆಯವರಿಗೂ ಗಟ್ಟಿಯಾಗಿ ಓದಿ ಹೇಳಿದೆ. ನಾವು ಐದು ಜನ, ಅದರಲ್ಲಿ ಮೂವರು ಗಂಡನನ್ನು ಕಳೆದುಕೊಂಡವರು. ಎಂದೂ ಬಾಯಿ ಬಿಡದ ಒಬ್ಬಳು, ಅವಳ ಗಂಡ ಬಲೆ ಹೆಣೆಯುವಾಗ ಹಾಡುತ್ತಿದ್ದ ಎಂದು ಇಂದು ಹೇಳಿದಳು. ಇಪ್ಪತ್ತು ವರ್ಷ ಒಟ್ಟಿಗೆ ಮೀನು ಮಾರಿದ್ದೇವೆ, ನಮಗೆ ಗೊತ್ತಿರಲಿಲ್ಲ.

ಜಯನಗರ ನಿವಾಸಿ

ಅಕ್ಕೋರೆ, ನಾನು ಮೊದಲು ಬರೆದದ್ದನ್ನು ಹಿಂದಕ್ಕೆ ಪಡೆಯುತ್ತೇನೆ. ಇಂದು ಸಂಜೆ ಅಮ್ಮನನ್ನು ಅಪ್ಪನ ವಿಷಯ ಕೇಳಿದೆ. ಹೇಗೆ ಹೋದರು ಎಂದಲ್ಲ, ಹೇಗೆ ಸಿಕ್ಕಿದರು ಎಂದು. ರಾತ್ರಿ ಹನ್ನೊಂದಾದರೂ ಮಾತು ಮುಗಿದಿಲ್ಲ.

ಅಘನಾಶಿನಿಯ ಅಕ್ಕೋರು

ಇಂದು ಕಾರ್ತಿಕ ಶುದ್ಧ ಪಂಚಮಿ. 10 ಗಳಿಗೆ, ಮೂರು ಗಂಟೆ. ಎರಡೂವರೆಗೇ ದಕ್ಕೆಗೆ ಹೋಗಿ ಕುಳಿತೆ. ನೀರು ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತಿತ್ತು. ಒಂದು ತೆಂಗಿನ ಗರಿಯ ತುಂಡು ಕಡಲಿನ ಕಡೆಯಿಂದ ಒಳಗೆ ತೇಲಿಕೊಂಡು ಬರುತ್ತಿತ್ತು, ಅದನ್ನೇ ನೋಡುತ್ತಿದ್ದೆ. ಮೂರು ಗಂಟೆ ಹತ್ತು ನಿಮಿಷಕ್ಕೆ ಅದು ನಿಂತಿತು. ತದಡಿಯಿಂದ ಬಂದ ದೋಣಿಯ ಹುಡುಗ, "ಅಕ್ಕೋರೆ, ದಾಟುತ್ತೀರಾ?" ಎಂದು ಕೇಳಿದ. ಸ್ವಲ್ಪ ತಡಿ ಎಂದೆ. ಗರಿ ತಿರುಗಿ ಕಡಲಿನ ಕಡೆಗೆ ಹೊರಡುವವರೆಗೆ ಕಾದು, ಆಮೇಲೆ ಹತ್ತಿದೆ.

ಸಂಜೆ ಮನೆಗೆ ಬಂದು ಈ ವರ್ಷದ ಕ್ಯಾಲೆಂಡರಿನಲ್ಲಿ ನೀಲಿ ಮಸಿಯಿಂದ 10 ಎಂದು ಬರೆದೆ. ನಾಳೆ ಷಷ್ಠಿ, 12 ಸರಿಯೇ? ಮನಾಮಾದವರೇ, ನಿಮ್ಮ ಅಮ್ಮನನ್ನು ಒಂದು ಕೇಳಿ ಹೇಳಿ. ಒಂದೇ ದಿನ ಎರಡು ತಿಥಿ ಇದ್ದರೆ ಯಾವುದನ್ನು ಹಿಡಿಯಬೇಕು?

ಮನಾಮಾದಿಂದ ಕುಮಟಾದವ

12 ಸರಿ. ಸೂರ್ಯ ಹುಟ್ಟುವಾಗ ಯಾವ ತಿಥಿ ಇರುತ್ತದೆಯೋ ಅದನ್ನೇ ಹಿಡಿಯಬೇಕಂತೆ. ಹತ್ತು ನಿಮಿಷ ಹೆಚ್ಚು ಕಡಿಮೆಗೆ ತಲೆ ಕೆಡಿಸಿಕೊಳ್ಳಬೇಡಿ, ಗಾಳಿ ಬೀಸುವ ದಿನ ಅಷ್ಟು ಇರುತ್ತದೆ ಎಂದೂ ಅಮ್ಮ ಹೇಳಿದಳು. ಮುಂದಿನ ತಿಂಗಳು ರಜೆಗೆ ಬರುತ್ತೇನೆ. ಅಮ್ಮನನ್ನು ನಿಮ್ಮ ದಕ್ಕೆಗೆ ಕರೆದುಕೊಂಡು ಬರಲೇ? ಕ್ಯಾಲೆಂಡರುಗಳನ್ನು ಒಮ್ಮೆ ನೋಡಬೇಕು ಎನ್ನುತ್ತಿದ್ದಾಳೆ.